ನಾಲ್ಕನೆಯ ದಿನದ ಪಟ್ಟಿ

ನನ್ನ ಹೆದರಿಕೆ ಶುರುವಾಗುವುದು ಹೊಟ್ಟೆಯಿಂದ. ಓಟದ ಹಿಂದಿನ ದಿನ ಸಂಜೆ ಹೊಟ್ಟೆ ಕಲಸಲಿಕ್ಕೆ ಶುರುವಾದರೆ ಮರುದಿನ ಗೆರೆ ದಾಟುವವರೆಗೆ ಬಿಡುವುದಿಲ್ಲ. ಐದು ದಿನ ಬೆನ್ನು ಬೆನ್ನಿಗೆ ಓಟವಿದ್ದರೆ ಐದು ದಿನವೂ ಅದೇ ಪಾಡು. ಬಲ್ಮಠದ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣದ ಅಧ್ಯಾಪಕಿ. ಹುಡುಗಿಯರಿಗೆ ‘ಹೆದರಬೇಡಿ, ಉಸಿರು ಬಿಡಿ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನನಗೇ ಯಾರಾದರೂ ಹಾಗೆ ಹೇಳಿದರೆ ಮೈಯೆಲ್ಲ ಉರಿಯುತ್ತದೆ.

ಮಂಗಳೂರಿನವಳಿಗೆ ಹಿಮದ ಮೇಲಿನ ಓಟದ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳದವರಿಲ್ಲ. ಚಿಕ್ಕದಾಗಿ ಹೇಳುತ್ತೇನೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಾಲೇಜಿನವರು ನನ್ನನ್ನು ಹಿಮಾಲಯದ ಒಂದು ತರಬೇತಿ ಶಿಬಿರಕ್ಕೆ ಕಳಿಸಿದರು. ಬೆಟ್ಟದ ತುದಿಯಿಂದ ಜಾರಿಕೊಂಡು ಬರುವ ಸ್ಕೀ ನನಗೆ ಹೇಳಿಸಿದ್ದಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಎದ್ದದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಆದರೆ ಇನ್ನೊಂದು ಬಗೆ ಇದೆ. ಉದ್ದನೆಯ ತೆಳು ಸ್ಕೀಗಳನ್ನು ಕಾಲಿಗೆ ಸಿಕ್ಕಿಸಿ, ಎರಡು ಕೈಯಲ್ಲಿ ಎರಡು ಕೋಲು ಊರುತ್ತ, ಬಯಲಿನಲ್ಲೂ ಏರಿನಲ್ಲೂ ಕಿಲೋಮೀಟರುಗಟ್ಟಲೆ ಹೋಗುವುದು. ಅದಕ್ಕೆ ಕ್ರಾಸ್ ಕಂಟ್ರಿ ಸ್ಕೀ ಎನ್ನುತ್ತಾರೆ. ಅದರಲ್ಲಿ ಜಾರುವುದು ಕಮ್ಮಿ, ದುಡಿಯುವುದು ಹೆಚ್ಚು. ಧೈರ್ಯ ಇಲ್ಲದಿದ್ದರೂ ಹಟ ಇದ್ದರೆ ಸಾಕು. ಹಟ ನನ್ನಲ್ಲಿ ಬೇಕಾದಷ್ಟಿದೆ.

ಹಿಮ ಇಲ್ಲದ ಊರಿನಲ್ಲಿ ಅದನ್ನು ಅಭ್ಯಾಸ ಮಾಡುವುದಕ್ಕೆ ರೋಲರ್ ಸ್ಕೀ ಸಿಗುತ್ತದೆ, ಚಕ್ರ ಇರುವ ಸ್ಕೀ. ಭಾನುವಾರ ಬೆಳಗಿನ ಆರು ಗಂಟೆಗೆ ಸುರತ್ಕಲ್ ಆಚೆಯ ಒಂದು ಒಳರಸ್ತೆಯಲ್ಲಿ ನಾನು ಅದನ್ನು ಕಟ್ಟಿಕೊಂಡು ಹೊರಟರೆ, ಹಿಂದೆ ಸ್ಕೂಟರಿನಲ್ಲಿ ಪಪ್ಪ. ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಗಳ ಬೆನ್ನಿಗೆ ಲಾರಿ ಬಂದು ಗುದ್ದಬಾರದು ಎಂದು ಇಂಡಿಕೇಟರ್ ಹಾಕಿಕೊಂಡು, ಜನ ಬೈದುಕೊಂಡು ಹೋದರೂ ಕೇಳಿಸದವರಂತೆ ನಿಧಾನಕ್ಕೆ ಬರುತ್ತಿದ್ದರು. ಒಂದು ದಿನ ಹಾಲಿನ ಅಂಗಡಿಯ ಹತ್ತಿರ ಒಬ್ಬರು ನನ್ನ ಎರಡು ಕೋಲು ನೋಡಿ ಪಪ್ಪನನ್ನು ನಿಲ್ಲಿಸಿ ಕನಿಕರದಿಂದ ಕೇಳಿದರು:

“ಎಂತ ಮಾರಾಯ್ರೆ, ಮಗಳ ಕಾಲಿಗೆ ಪೆಟ್ಟಾಗಿದೆಯಾ?”

“ಇಲ್ಲ, ಪ್ರಾಕ್ಟೀಸ್,” ಅಂದರು ಪಪ್ಪ.

“ನಡೆಯುವುದು ಪ್ರಾಕ್ಟೀಸ್ ಮಾಡ್ತಿದ್ದಾಳಾ? ಪಾಪ.”

ಆಮೇಲೆ ಆ ಅಂಗಡಿ ದಾಟುವಾಗಲೆಲ್ಲ ನಾನು ವೇಗ ಹೆಚ್ಚಿಸುತ್ತಿದ್ದೆ.

ಅಮ್ಮನಿಗೆ ಇದ್ಯಾವುದೂ ಇಷ್ಟವಿಲ್ಲ. ಬೇಡ ಎಂದು ಮಾತ್ರ ಅವಳು ಒಂದು ಸಲವೂ ಹೇಳಿದವಳಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ನೇರವಾಗಿ ಹೇಳುವ ಪದ್ಧತಿಯೇ ಇಲ್ಲ. ನಾವು ಮನೆಯಲ್ಲಿ ಆಡುವುದು ತುಳು. ಅಮ್ಮನ ತುಳುವಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಶಬ್ದ ‘ತೂಕ’. ಕನ್ನಡದ ತೂಕವಲ್ಲ, ಭಾರಕ್ಕೂ ಅದಕ್ಕೂ ಸಂಬಂಧವಿಲ್ಲ. ತುಳುವಿನ ತೂಕ ಎಂದರೆ ನೋಡುವ, ನೋಡೋಣ. ಮದುವೆಗೆ ಬರುತ್ತೀರಾ ಎಂದು ಕೇಳಿದರೆ, ಹೋಗುವುದಕ್ಕೆ ಸೀರೆ ತೆಗೆದಿಟ್ಟು ಆಗಿದ್ದರೂ, ‘ತೂಕ’. ಮಗಳು ಪಾಸಾಗುತ್ತಾಳಾ, ‘ತೂಕ’. ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ಆಗುವುದೂ ಆಗದೆ ಹೋಗುತ್ತದೆ ಎಂಬ ಭಯ. ಹಾಗೆಯೇ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಅನ್ನುವ ಹಾಗಿಲ್ಲ, ‘ಬರುತ್ತೇನೆ’ ಅನ್ನಬೇಕು. ಚಿಕ್ಕಂದಿನಲ್ಲಿ ಒಂದು ಸಲ ಬಾಯಿತಪ್ಪಿ ‘ಹೋಗ್ತೇನೆ’ ಅಂದದ್ದಕ್ಕೆ ನನ್ನನ್ನು ಒಳಗೆ ಕರೆದು, ನೀರು ಕುಡಿಸಿ, ಮತ್ತೆ ಕಳಿಸಿದ್ದಳು. ಆಗ ನಗು ಬಂದಿತ್ತು. ಆದರೆ ಆ ಮಾತು ನನ್ನ ಬಾಯಿಯಲ್ಲಿ ಎಷ್ಟು ಕೂತುಬಿಟ್ಟಿತ್ತು ಎಂದು ಗೊತ್ತಾದದ್ದು ಸಾವಿರಾರು ಮೈಲಿ ಆಚೆ, ಆಲ್ಪ್ಸ್ ಪರ್ವತದ ಒಂದು ಕಣಿವೆಯಲ್ಲಿ.

ಅಲ್ಲಿ ಪ್ರತಿ ಚಳಿಗಾಲದಲ್ಲಿ ನನ್ನಂಥ ಹವ್ಯಾಸಿಗಳಿಗಾಗಿ ಐದು ದಿನದ ಓಟದ ಸರಣಿಯೊಂದು ನಡೆಯುತ್ತದೆ. ದಿನಕ್ಕೊಂದು ದಾರಿ, ದಿನಕ್ಕೊಂದು ದೂರ. ಓಟಗಾರರನ್ನು ಗುಂಪು ಗುಂಪಾಗಿ ಬಿಡುತ್ತಾರೆ, ನನ್ನದು ಯಾವಾಗಲೂ ಕೊನೆಯ ಗುಂಪು. ನಿಯಮ ಸರಳ, ನಿರ್ದಯ. ದಾರಿಯ ನಡುವೆ ಒಂದು ಕಡೆ ಗಡಿಯಾರ ಇಟ್ಟಿರುತ್ತಾರೆ. ಹೇಳಿದ ಹೊತ್ತಿನೊಳಗೆ ಅದನ್ನು ದಾಟದಿದ್ದರೆ ಅಲ್ಲೇ ತಡೆದು ನಿಲ್ಲಿಸುತ್ತಾರೆ. ಒಂದು ದಿನ ತಡೆದರೆ ಮುಗಿಯಿತು, ಉಳಿದ ದಿನಗಳೂ ಇಲ್ಲ. ಹಿಂದಿನ ವರ್ಷ ನನ್ನನ್ನು ಮೂರನೆಯ ದಿನ ತಡೆದಿದ್ದರು. ಸಾಲದ್ದಕ್ಕೆ ಎಡಗೈಯ ಕಿರುಬೆರಳು ಚಳಿಗೆ ಮರಗಟ್ಟಿ ಬಿಳಿಚಿಕೊಂಡಿತ್ತು. ಮಣ್ಣಗುಡ್ಡದ ಮನೆಗೆ ಬಂದ ಮೇಲೆ ಅಮ್ಮ ಆ ಬೆರಳಿಗೆ ಒಂದು ತಿಂಗಳು ಎಣ್ಣೆ ತಿಕ್ಕಿದಳು. ತಿಕ್ಕುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈ ವರ್ಷ ಮತ್ತೆ ಹೊರಟಾಗ ನನಗೆ ಮೂವತ್ತಾರು. ಪ್ರಾಂಶುಪಾಲರು ರಜೆಗೆ ಸಹಿ ಹಾಕುತ್ತ, “ಇದೇ ಕೊನೆ ಆಯ್ತಾ ಮೇಡಂ, ಪರೀಕ್ಷೆ ಹೊತ್ತಿಗೆ ಇನ್ನು ನನಗೆ ಬಿಡ್ಲಿಕ್ಕೆ ಆಗುದಿಲ್ಲ,” ಎಂದು ಸ್ಪಷ್ಟವಾಗಿ ಹೇಳಿದ್ದರು. ಗೆಲ್ಲುವ ಮಾತು ಹಾಗಿರಲಿ, ನನಗೆ ಬೇಕಾದದ್ದು ಇಷ್ಟೇ: ಐದೂ ದಿನ ಮುಗಿಸಿದವರ ಪಟ್ಟಿಯಲ್ಲಿ, ಕಟ್ಟಕಡೆಗಾದರೂ ಸರಿ, ನನ್ನ ಹೆಸರು ಇರಬೇಕು. ಒಂಬತ್ತು ವರ್ಷ ನನ್ನ ಹಿಂದೆ ಬಂದ ಪಪ್ಪನಿಗೆ ಅದನ್ನು ತೋರಿಸಬೇಕು.

ಪಪ್ಪ ಅಲ್ಲಿಗೆ ಬರುವಂತಿರಲಿಲ್ಲ. ಆದರೆ ಓಟಗಾರರ ಪಾದದ ಗಂಟಿಗೆ ಒಂದು ಚಿಪ್ ಕಟ್ಟುತ್ತಾರೆ. ನಾವು ಯಾವ ಜಾಗ ಯಾವಾಗ ದಾಟಿದೆವು ಎಂಬುದು ಆಗಿಂದಾಗಲೇ ಅವರ ವೆಬ್‌ಸೈಟಿನಲ್ಲಿ ಬರುತ್ತದೆ. ಅಲ್ಲಿ ಬೆಳಗಾದಾಗ ನಮ್ಮಲ್ಲಿ ಮಧ್ಯಾಹ್ನ. ಪಪ್ಪ ಊಟ ಬಿಟ್ಟು ಫೋನ್ ಹಿಡಿದು ಕೂತು, ‘ಐದು ಕಿಲೋಮೀಟರ್ ಆಯ್ತು, ಎಂಟು ಆಯ್ತು’ ಎಂದು ಅಡುಗೆಮನೆಗೆ ಕೇಳುವ ಹಾಗೆ ಓದುತ್ತಿದ್ದರು. ಅಮ್ಮ ಕೇಳದವಳ ಹಾಗೆ ಕೇಳುತ್ತಿದ್ದಳಂತೆ. ಇದಲ್ಲದೆ, ನಾನು ಅಲ್ಲಿ ಏಳುವ ಹೊತ್ತಿಗೆ ಸರಿಯಾಗಿ ಪ್ರತಿದಿನ ಅವರಿಂದ ಒಂದು ಮೆಸೇಜು ಬರುತ್ತಿತ್ತು: ‘ಎದ್ದೆಯಾ?’ ಇಷ್ಟೇ. ಅದಕ್ಕೆ ನಾನು ‘ಎದ್ದೆ’ ಎಂದು ಬರೆಯಬೇಕು.

ಮೊದಲನೆಯ ದಿನ ಸುಸೂತ್ರವಾಗಿ ಹೋಯಿತು. ಎರಡನೆಯ ದಿನ ಸ್ಕೀಯ ತಳಕ್ಕೆ ಹಚ್ಚುವ ಮೇಣ ತಪ್ಪಿತು. ಚಳಿಗೆ ತಕ್ಕ ಮೇಣ ಹಚ್ಚದಿದ್ದರೆ ಹಿಮ ತಳಕ್ಕೆ ಮೆತ್ತಿಕೊಂಡು ಬಿಡುತ್ತದೆ, ಅಕ್ಕಿಹಿಟ್ಟಿನಲ್ಲಿ ಕಾಲಿಟ್ಟ ಹಾಗೆ. ಆದರೂ ಹೇಗೋ ಬಚಾವಾದೆ. ಮೂರನೆಯ ದಿನ ಗಡಿಯಾರದ ಜಾಗವನ್ನು ದಾಟುವಾಗ ನನಗಿದ್ದದ್ದು ಇನ್ನು ಆರು ನಿಮಿಷ ಮಾತ್ರ. ಹಿಂದಿನ ವರ್ಷ ಸೋತ ದಿನವನ್ನು ದಾಟಿದ್ದೆ. ಖುಷಿಯಾಗಬೇಕಿತ್ತು. ಆಗಲಿಲ್ಲ. ತೊಡೆ ಕಲ್ಲಾಗಿತ್ತು, ಕಿರುಬೆರಳು ಮತ್ತೆ ಜೋಮುಗಟ್ಟುತ್ತಿತ್ತು, ನಾಳಿನ ದಾರಿ ಐದರಲ್ಲೇ ಉದ್ದದ್ದು. ಸಂಜೆ ಓಟದ ಕಚೇರಿಗೆ ಹೋಗುವಾಗ ನನಗೆ ಅಳು ಬರುವ ಹಾಗಿತ್ತು. ದಾರಿಯಲ್ಲಿ ನಗುತ್ತ ಹೋಗುತ್ತಿದ್ದ ಉಳಿದ ಓಟಗಾರರನ್ನು ಕಂಡು ಸಿಟ್ಟೂ ಬರುತ್ತಿತ್ತು. ಇವರಿಗೆಲ್ಲ ಹೊಟ್ಟೆ ಅಂತ ಒಂದು ಇಲ್ಲವಾ ಅನಿಸುತ್ತಿತ್ತು.

ಪ್ರತಿ ಸಂಜೆ ಆರು ಗಂಟೆಯೊಳಗೆ ಆ ಕಚೇರಿಗೆ ಹೋಗಿ ನಾಳೆ ಓಡುತ್ತೇನೆ ಎಂದು ಹೇಳಬೇಕು. ಹಾಗೆ ಹೇಳಿದವರ ಹೆಸರು ಮಾತ್ರ ಮರುದಿನದ ಪಟ್ಟಿಗೆ. ಮೊದಲೆರಡು ಸಂಜೆ ಅಲ್ಲಿದ್ದವರು ನನ್ನ ಮುಖ ಕಂಡ ಕೂಡಲೇ ಗುರುತು ಹಾಕಿ, ಕೈ ಬೀಸಿ ಕಳಿಸುತ್ತಿದ್ದರು. ಈ ಸಂಜೆ ಕೂತಿದ್ದವರು ಬೇರೆ, ಬೆಳ್ಳಿಕೂದಲಿನ ಒಬ್ಬ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಚೂಪಾಗಿ ಕೆತ್ತಿದ ಪೆನ್ಸಿಲು. ಅವರು ತಲೆ ಎತ್ತಿ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು:

“ನಾಳೆ ನೀವು ಹೊರಡುತ್ತೀರಾ?”

ನಾನು, ಅಮ್ಮನ ಮಗಳು, ಅವರದೇ ಇಂಗ್ಲಿಷಿನಲ್ಲಿ ಅಮ್ಮನ ತುಳುವನ್ನು ಹೇಳಿದೆ:

“ನೋಡುವ. ಬರ್ತೇನೆ.”

ನನ್ನ ಲೆಕ್ಕದಲ್ಲಿ ನಾನು ಹೇಳಿದ್ದು, ಹೌದು, ದೇವರು ನಡೆಸಿದರೆ ಹೊರಡುತ್ತೇನೆ, ಈಗ ಅಪ್ಪಣೆ ಕೊಡಿ ಎಂದು. ಅವರು ಕೇಳಿಸಿಕೊಂಡದ್ದು, ಇನ್ನೂ ತೀರ್ಮಾನ ಮಾಡಿಲ್ಲ, ಯೋಚಿಸಿ ವಾಪಸು ಬಂದು ಹೇಳುತ್ತೇನೆ ಎಂದು. “ಆರು ಗಂಟೆಯವರೆಗೆ ಇರುತ್ತೇನೆ,” ಅಂದರು. ನಾನು ಅದನ್ನು ಅವರ ಮನೆಗೆ ಹೋಗುವ ಹೊತ್ತು ಎಂದುಕೊಂಡು ತಲೆಯಾಡಿಸಿ ಬಂದೆ. ಕೋಣೆಗೆ ಬಂದು ಮೇಣ ತಿಕ್ಕಿದೆ, ಸೂಪು ಕುಡಿದೆ, ಮಲಗಿದೆ. ಆ ಹೆಂಗಸು ಆರು ದಾಟಿ ಹತ್ತು ನಿಮಿಷ ನನಗಾಗಿ ಕಾದಿದ್ದರಂತೆ. ಮರುದಿನ ಹೇಳಿದರು.

ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ನೋಡಿದರೆ ‘ಎದ್ದೆಯಾ?’ ಇಲ್ಲ.

ಒಂಬತ್ತು ವರ್ಷದಲ್ಲಿ ನಾನು ಓಟಕ್ಕೆಂದು ಹೋದಾಗಲೆಲ್ಲ ಪಪ್ಪ ಇದನ್ನು ತಪ್ಪಿಸಿದವರಲ್ಲ. ಊರಿನಲ್ಲಿ ಆಗಲೇ ಹತ್ತೂವರೆ ಆಗಿರಬೇಕು. ಬಿ.ಪಿ. ಏನಾದರೂ ಏರಿತಾ, ಸ್ಕೂಟರಿನಿಂದ ಬಿದ್ದರಾ, ಅಮ್ಮನಿಗೇನಾದರೂ ಆಯಿತಾ. ಕೆಟ್ಟದ್ದನ್ನು ಹುಡುಕಿ ತರುವುದರಲ್ಲಿ ನನ್ನ ಮನಸ್ಸನ್ನು ಮೀರಿಸುವವರಿಲ್ಲ. ಹತ್ತು ನಿಮಿಷದಲ್ಲಿ ಪಪ್ಪನನ್ನು ಆಸ್ಪತ್ರೆಯಲ್ಲಿ ಮಲಗಿಸಿ, ನಾನು ಯಾವ ವಿಮಾನ ಹಿಡಿಯಬೇಕು ಎಂಬುದರವರೆಗೆ ಹೋಗಿದ್ದೆ. ಫೋನ್ ಮಾಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮಾಡಲಿಲ್ಲ. ಕೆಟ್ಟ ಸುದ್ದಿಯೇ ಆಗಿದ್ದರೆ ಇವತ್ತು ಓಡುವುದಕ್ಕಾಗುವುದಿಲ್ಲ, ಓಡಿ ಬಂದು ಮಾಡುತ್ತೇನೆ ಎಂದುಕೊಂಡೆ. ಇಷ್ಟು ಸ್ವಾರ್ಥ ನನ್ನಲ್ಲಿದೆ ಎಂದು ಗೊತ್ತಾಗಿ ತಿಂಡಿಗೆ ಕೊಟ್ಟ ಗಂಜಿಯಂಥ ಓಟ್ಸನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಒಂಬತ್ತು ಗಂಟೆಗೆ ಓಟ ಶುರುವಾಗುವ ಜಾಗಕ್ಕೆ ಹೋದೆ. ಬಾಗಿಲಲ್ಲಿ ಅದೇ ಹೆಂಗಸು, ಕೈಯಲ್ಲಿ ಪಟ್ಟಿ. ನನ್ನ ಎದೆಯ ಮೇಲಿನ ನಂಬರ್ ನೋಡಿದರು, ಪಟ್ಟಿ ನೋಡಿದರು, ಮತ್ತೆ ನನ್ನನ್ನು ನೋಡಿದರು.

“ನಿಮ್ಮ ಹೆಸರಿಲ್ಲ. ನೀವು ವಾಪಸು ಬರಲಿಲ್ಲ. ನೀವು ಬಿಟ್ಟಿರಿ ಎಂದುಕೊಂಡೆವು.”

ಈಗ ಬರೆಯಬೇಕಾದ್ದನ್ನು ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಮೊದಲು ಅನಿಸಿದ್ದು ದುಃಖವಲ್ಲ, ಸಿಟ್ಟೂ ಅಲ್ಲ. ಅಬ್ಬ, ಅನಿಸಿತು. ನಾಲ್ಕು ದಿನದಿಂದ ಕಲಸುತ್ತಿದ್ದ ಹೊಟ್ಟೆ ಆ ಒಂದು ಕ್ಷಣ ತೆಪ್ಪಗಾಯಿತು. ಇನ್ನು ಓಡಬೇಕಾಗಿಲ್ಲ. ತಪ್ಪು ನನ್ನದಲ್ಲ, ಭಾಷೆಯದು. ಊರಿಗೆ ಹೋಗಿ ಎಲ್ಲರಿಗೂ ಈ ಕತೆಯನ್ನು ಹೇಳಿ ನಗಿಸಬಹುದು. ಅಷ್ಟು ಆರಾಮ ನನಗೆ ವರ್ಷಗಳಿಂದ ಆಗಿರಲಿಲ್ಲ. ಮರುಕ್ಷಣವೇ ಆ ಆರಾಮವನ್ನು ಕಂಡು ನನಗೇ ಭಯವಾಯಿತು. ಹಾಗಾದರೆ ನಾನು ಇಷ್ಟು ವರ್ಷ ಕಾದದ್ದು ಇದಕ್ಕೇನಾ, ಯಾರಾದರೂ ಬೇಡ ಎನ್ನಲಿ ಎಂದು? ಹಿಂದಿನ ಸಂಜೆ ಅವರು ಅಷ್ಟು ಸರಳವಾಗಿ ಕೇಳಿದಾಗ ಹೌದು ಎನ್ನದೆ ‘ನೋಡುವ’ ಅಂದದ್ದು ಬರಿಯ ಅಭ್ಯಾಸವಾ, ಇಲ್ಲ ಒಳಗೆ ಬೇರೆ ಏನೋ ಇತ್ತಾ?

“ನಾನು ಹೋಗುತ್ತೇನೆ,” ಅಂದೆ. “ಇವತ್ತು ನಾನು ಹೋಗುತ್ತೇನೆ.”

ಅವರು ಕನ್ನಡಕ ಸರಿಮಾಡಿಕೊಂಡರು. “ಎಂಟು ಗಂಟೆಯೊಳಗೆ ಬಂದಿದ್ದರೆ ನಿಮ್ಮ ಗುಂಪಿಗೇ ಸೇರಿಸುತ್ತಿದ್ದೆ. ಈಗ ಪಟ್ಟಿ ಮುಚ್ಚಿದೆ.” ಆಮೇಲೆ ಪಕ್ಕದವರ ಹತ್ತಿರ ಅವರ ಭಾಷೆಯಲ್ಲಿ ಏನೋ ಮಾತಾಡಿ ಬಂದರು. “ಕೊನೆಯ ಗುಂಪು ಹೋಗಿ ನಾಲ್ಕು ನಿಮಿಷ ಆದ ಮೇಲೆ ಬಿಡುತ್ತೇವೆ. ಆದರೆ ನಿಮಗಾಗಿ ಗಡಿಯಾರ ನಿಲ್ಲುವುದಿಲ್ಲ. ಆ ನಾಲ್ಕು ನಿಮಿಷದ ನಷ್ಟ ನಿಮ್ಮದೇ.”

ನಾಲ್ಕು ನಿಮಿಷ ಎಂದರೆ ಎಷ್ಟು ಉದ್ದ ಎಂದು ಗೊತ್ತಾಗಬೇಕಾದರೆ ಎಲ್ಲರೂ ಹೊರಟುಹೋದ ಬಯಲಿನಲ್ಲಿ ಕೋಲೂರಿಕೊಂಡು ಒಬ್ಬಳೇ ನಿಲ್ಲಬೇಕು. ಅವರ ಬೆನ್ನುಗಳು ಮರಗಳ ಹಿಂದೆ ಒಂದೊಂದಾಗಿ ಮರೆಯಾದವು. ಆ ಹೆಂಗಸು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ಮಾಡಿದ ತಪ್ಪಾದರೂ ಏನು? ಕೇಳಿದರು, ಕಾದರು.

ಮುಂದೆ ಹೋದವರ ನೂರಾರು ಸ್ಕೀಗಳು ಹಿಮದ ಜಾಡನ್ನು ಕಲಸಿಹಾಕಿದ್ದವು. ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತಿತ್ತು. ನಾನು ಯೋಚಿಸಿದ್ದು ಎರಡೇ: ಹದಿನೈದನೆಯ ಕಿಲೋಮೀಟರಿನ ಗಡಿಯಾರ, ಮತ್ತೆ ಬಾರದಿದ್ದ ಆ ಮೆಸೇಜು. ಐದು ದಾಟಿದಾಗ, ಮನೆಯಲ್ಲಿ ಈಗ ಪಪ್ಪ ‘ಐದಾಯ್ತು’ ಅಂದಿರಬಹುದು ಎಂದುಕೊಂಡೆ. ಅಂದಿದ್ದರೆ ಅವರು ಹುಷಾರಾಗಿದ್ದಾರೆ ಎಂದರ್ಥ. ಎಂಟು ದಾಟುವಾಗ ಅವರ ಸ್ವರವೇ ಕೇಳಿದ ಹಾಗಾಯಿತು. ಹತ್ತರ ಹತ್ತಿರ ಮುಂದಿನ ಗುಂಪಿನ ಒಬ್ಬ ಮುದುಕರನ್ನು ಹಿಂದೆ ಹಾಕಿದೆ. ಹನ್ನೆರಡರ ಇಳಿಜಾರಿನಲ್ಲಿ ಬಿದ್ದು ಮೊಣಕೈ ತರಚಿತು. ಎದ್ದೆ. ಅಷ್ಟು ಹೆದರಿಕೆಯಲ್ಲೂ ಒಂದು ವಿಷಯ ಗೊತ್ತಾಗುತ್ತಿತ್ತು: ಇದು ನಾನು ಈವರೆಗೆ ಓಡಿದ್ದರಲ್ಲೇ ಅತ್ಯಂತ ವೇಗದ ಓಟ. ನನ್ನ ಕೈಯ ಗಡಿಯಾರ ಸುಳ್ಳು ಹೇಳುತ್ತಿಲ್ಲ ತಾನೇ ಎಂದು ಮತ್ತೆ ಮತ್ತೆ ನೋಡಿದೆ.

ಹದಿನೈದನೆಯ ಕಿಲೋಮೀಟರಿನ ತಿರುವಿನಲ್ಲಿ ಕಿತ್ತಳೆ ಬಣ್ಣದ ಜಾಕೀಟು ಹಾಕಿದ ಒಬ್ಬರು ಎರಡು ಕೋಲುಗಳನ್ನು ಅಡ್ಡ ಹಿಡಿದು ನಿಂತಿದ್ದರು. ದೂರದಿಂದಲೇ ಗೊತ್ತಾಯಿತು. ಗೊತ್ತಾದರೂ ಕಾಲು ನಿಲ್ಲಿಸಲಿಲ್ಲ. ಹತ್ತಿರ ಹೋದ ಮೇಲೆ ಅವರು ಗಡಿಯಾರವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಒಂದು ನಿಮಿಷ ನಲವತ್ತು ಸೆಕೆಂಡು ತಡ.

ಮಂಡಿಯೂರಿ ನನ್ನ ಪಾದದ ಚಿಪ್ ಬಿಚ್ಚಿದವರೂ ಅವರೇ. ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಬಿಸಿ ಶರಬತ್ತು ಕೊಟ್ಟು, ವಾಪಸು ಕರೆದೊಯ್ಯುವ ವ್ಯಾನು ಬರುವವರೆಗೆ ಬೆಂಚಿನಲ್ಲಿ ಕೂರಿಸಿದರು. ನಾಲ್ಕರಲ್ಲಿ ಒಂದು ನಲವತ್ತು ಕಳೆದರೆ ಎರಡು ಇಪ್ಪತ್ತು. ನನ್ನ ಗುಂಪಿನ ಜೊತೆ ಹೊರಟಿದ್ದರೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ಮೊದಲೇ ಇಲ್ಲಿ ದಾಟಿ ಹೋಗಿರುತ್ತಿದ್ದೆ. ಈ ಲೆಕ್ಕವನ್ನು ಬೆಂಚಿನಲ್ಲಿ ಎಷ್ಟು ಸಲ ಮಾಡಿದೆನೋ. ಆಮೇಲೆ ಕೈಗವಸು ತೆಗೆದು ಮನೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಪಪ್ಪ ಎತ್ತಿದರು.

“ಹಾಂ ಮಗಾ. ಊಟ ಆಯ್ತಾ?”

ಸ್ವರ ಚೆನ್ನಾಗಿತ್ತು. ಏನೂ ಆಗಿರಲಿಲ್ಲ. ಹೋದ ಜೀವ ಬಂದ ಹಾಗಾಯಿತು.

“ಬೆಳಿಗ್ಗೆ ಮೆಸೇಜ್ ಯಾಕೆ ಮಾಡ್ಲಿಲ್ಲ ಪಪ್ಪ? ನಾನು ಎಂತೆಂತ ಎಣಿಸಿದೆ ಗೊತ್ತುಂಟಾ?”

“ಅದು...” ಪಪ್ಪ ಸ್ವಲ್ಪ ತಡವರಿಸಿದರು. “ಬೆಳಿಗ್ಗೆ ವೆಬ್‌ಸೈಟಿನಲ್ಲಿ ಇವತ್ತಿನ ಪಟ್ಟಿ ನೋಡಿದೆ. ನಿನ್ನ ಹೆಸರು ಇರ್ಲಿಲ್ಲ. ನೀನೇ ಬಿಟ್ಟಿರಬೇಕು ಅಂತ ಗೊತ್ತಾಯ್ತು. ಅಮ್ಮ ಹೇಳಿದಳು, ಈಗ ಕೇಳ್ಲಿಕ್ಕೆ ಹೋಗ್ಬೇಡಿ, ಪಾಪ ಅವಳಿಗೆ ಬೇಜಾರಾಗ್ತದೆ ಅಂತ. ಹಾಗೆ ಸುಮ್ಮನೆ ಕೂತೆ.”

ಆ ಮೆಸೇಜು ಆರು ಗಂಟೆಗೆ ಬಂದಿದ್ದರೆ, ‘ಹೆಸರು ಯಾಕಿಲ್ಲ’ ಎಂದು ಒಂದು ಮಾತು ಕೇಳಿದ್ದರೆ, ಎಂಟರೊಳಗೆ ಓಡಿಹೋಗಿ ಹೆಸರು ಸೇರಿಸುತ್ತಿದ್ದೆ. ಅದನ್ನು ಅವರಿಗೆ ಹೇಳುವುದಾ ಬೇಡವಾ ಎಂದು ಯೋಚಿಸುವಷ್ಟರಲ್ಲಿ ಪಪ್ಪನೇ ಮುಂದುವರಿಸಿದರು.

“ಸುಳ್ಳು ಎಂತಕೆ ಹೇಳುದು ಮಗಾ. ನಮಗೆ ಸಮಾಧಾನವೇ ಆಯ್ತು. ಕೈಬೆರಳು ಸರಿ ಇರುವಾಗಲೇ ವಾಪಸ್ ಬರ್ತಾಳಲ್ಲ ಅಂತ. ಅಮ್ಮ ಇವತ್ತು ಹೆಸರುಬೇಳೆ ಪಾಯಸ ಮಾಡಿದ್ದಾಳೆ.”

ಪಾಯಸ ಎಂದಾಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

“ನನಗೂ ಹಾಗೇ ಆಯ್ತು ಪಪ್ಪ,” ಅಂದೆ. “ಹೆಸರಿಲ್ಲ ಅಂತ ಹೇಳಿದ ಕೂಡಲೇ ನನಗೂ ಸಮಾಧಾನ ಆಯ್ತು. ಆದ್ರೆ ಆಮೇಲೆ ಹೊರಟೆ.”

“ಎಲ್ಲಿಗೆ?”

“ಓಟಕ್ಕೆ. ಎಲ್ಲರೂ ಹೋದ ಮೇಲೆ ಬಿಟ್ಟರು. ಹದಿನೈದು ಕಿಲೋಮೀಟರ್ ಹೋದೆ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ತಪ್ಪಿತು. ಇಷ್ಟು ಜೋರು ನಾನು ಯಾವತ್ತೂ ಹೋಗಿರ್ಲಿಲ್ಲ.”

ಆ ಕಡೆ ಅಮ್ಮ ‘ಎಂತ ಅಂತೆ?’ ಎಂದು ಕೇಳುವುದು ಕೇಳಿಸಿತು.

“ನಾನು ಫೋನ್ ಪಕ್ಕದಲ್ಲಿ ಕವುಚಿಟ್ಟು ಮಲಗಿದ್ದೆ,” ಅಂದರು ಪಪ್ಪ. “ಇವತ್ತು ಒಂದು ದಿನ ನಾನು ನೋಡ್ಲೇ ಇಲ್ಲ ಮಗಾ.”